ಜಂಪಣ್ಣನ ಮಿಲ್ಲಿನ ಗುಡುಗು

"ಗುಡುಗು ಇಲ್ಲ ಅಂತೀರಿ, ನಂಗೆ ಫೋನಿನಾಗೇ ಕೇಳಿಸ್ತೈತಲ್ರೀ," ಎಂದಿತು ಬೆಂಗಳೂರಿನಿಂದ ಒಂದು ಗಂಡು ದನಿ.

ಜಗಳೂರು ಟೆಲಿಫೋನ್ ಎಕ್ಸ್‌ಚೇಂಜಿನ ಆಪರೇಟರ್ ಸರ್ವಮಂಗಳಾಗೆ ರೇಗಿತು. ಪಕ್ಕದಲ್ಲೇ ಜಂಪಣ್ಣನ ಎಣ್ಣೆಮಿಲ್ಲು. ಸಂಜೆಯಾದರೆ ಖಾಲಿ ಡ್ರಮ್ಮುಗಳನ್ನು ಕಲ್ಲುಹಾಸಿನ ಮೇಲೆ ಉರುಳಿಸುತ್ತಾರೆ. ಈ ಮಹಾಶಯ ಅದನ್ನೇ ಗುಡುಗೆಂದು ಬರೆದುಕೊಳ್ಳುತ್ತಿದ್ದ! ಅವಳು ಜಗಳಕ್ಕೇ ನಿಂತು ವಿಷಯ ತಿಳಿಸಿದ ಮೇಲೆ ಜೋರಾಗಿ ನಕ್ಕ. ಜಗಳೂರಿನವರು ಊರಿನ ಹೆಸರು ಉಳಿಸಿದಿರಿ ಎಂದು ಛೇಡಿಸಿದ. ಅವಳಿಗೂ ನಗು ಬಂತು. ಅವನಿಗೆ ಕೇಳಿಸದ ಹಾಗೆ ಬಾಯಿಗೆ ಸೆರಗು ಅಡ್ಡ ಹಿಡಿದಳು.

ಅವನು ಹಾಲಸ್ವಾಮಿ, ನ್ಯಾಮತಿಯ ಹುಡುಗ. ವಿಮಾನಗಳಿಗೆ ಹವಾಮಾನ ತಿಳಿಸುವ ಆಫೀಸಿನಲ್ಲಿ ನೌಕರಿ. ಎಂಬತ್ತಾರರ ಆ ಬೇಸಿಗೆ ಅಲ್ಲಿಗೊಂದು ಕಂಪ್ಯೂಟರ್ ಬಂದಿತ್ತು. ಗುಡುಗು ಸಿಡಿಲು ನಾಳೆ ಎಲ್ಲಿ ಎಂದು ಇಂದೇ ಲೆಕ್ಕ ಹಾಕಿ ಹೇಳುತ್ತಿತ್ತು. ಪೈಲಟ್‌ಗಳು ಅದನ್ನು ನಂಬಬಹುದೇ ಎಂದು ಪರೀಕ್ಷಿಸುವ ಕೆಲಸ ಇವನ ಪಾಲಿಗೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿಗೆ ಸಂಜೆ ಫೋನು ಮಾಡಿ ಗುಡುಗಿತಾ ಎಂದು ಕೇಳುತ್ತಿದ್ದ. ಮಿಂಚು ಕಂಡರೆ ಸಾಲದು, ಗುಡುಗು ಕಿವಿಗೆ ಬೀಳಬೇಕು, ನಿಯಮ ಅಷ್ಟೇ.

ಉಳಿದ ಮೂರು ಊರಿನ ಮಾತು ಚಿಟಿಕೆ ಹೊಡೆಯುವುದರೊಳಗೆ ಮುಗಿಯುತ್ತಿತ್ತು. ಜಗಳೂರಿನದು ಮಾತ್ರ ಮುಗಿಯುತ್ತಲೇ ಇರಲಿಲ್ಲ. ಊಟಕ್ಕೇನು, ದನಿ ಯಾಕೆ ಕಟ್ಟಿದೆ, ನೆಗಡಿಯಾ? ಮುಖ ಕಾಣದ ಆ ಹುಡುಗನನ್ನು ಸರ್ವಮಂಗಳಾ ಪ್ರೀತಿಸಿಬಿಟ್ಟಿದ್ದಳು. ಅವನ ಫೋನು ಬಂದರೆ ಮುಂಗುರುಳು ಸರಿಮಾಡಿಕೊಂಡೇ ಹಲೋ ಎನ್ನುತ್ತಿದ್ದಳು.

ಮೇ ತಿಂಗಳ ಕೊನೆಗೆ ಒಂದು ಸಂಜೆ ಅವನ ದನಿ ಸಪ್ಪಗಿತ್ತು. ಪರೀಕ್ಷೆಗೆ ಇದೇ ಕಡೆಯ ದಿನ, ಕಂಪ್ಯೂಟರಿನ ಸರಿ ತಪ್ಪು ಸಮಸಮ ನಿಂತಿದೆ ಎಂದ. ಇವತ್ತು ಜಗಳೂರಿಗೆ ಗುಡುಗು ಎಂದು ಅದು ಹೇಳಿದ್ದು ನಿಜವಾದರೆ ಕಂಪ್ಯೂಟರ್ ಉಳಿದು ಬರುವ ವರ್ಷವೂ ಈ ಫೋನು ಇರುತ್ತದೆ. ಹುಸಿಯಾದರೆ ಎಲ್ಲ ಇಲ್ಲಿಗೇ ಮುಗಿಯಿತು.

ಸರ್ವಮಂಗಳಾ ಕಿಟಕಿಯತ್ತ ನೋಡಿದಳು. ಬಿಳಿಚೋಡಿನ ಕಡೆ ಮಿಂಚೋ ಮಿಂಚು. ಸದ್ದು ಮಾತ್ರ ಇಲ್ಲ. ಕೇಳಿಸಿತು ಎಂದರೆ ಸಾಕು, ಅವನು ಉಳಿಯುತ್ತಾನೆ. ಆದರೆ ಆ ಸುಳ್ಳಿನಿಂದ ಪಾಸಾದ ಕಂಪ್ಯೂಟರನ್ನು ನಂಬಿ ನಾಳೆ ಯಾರೋ ವಿಮಾನ ಹಾರಿಸುತ್ತಾರೆ.

"ಮಿಂಚು ಐತ್ರೀ. ಗುಡುಗು ಇಲ್ಲ."

ಅಷ್ಟರಲ್ಲಿ ದಡದಡ ಸದ್ದಾಯಿತು. "ಇದು?" ಎಂದ ಆಸೆಯಿಂದ.

"ಜಂಪಣ್ಣಾರ ಡ್ರಮ್ಮು."

ಅವನು ನಿಟ್ಟುಸಿರು ಬಿಟ್ಟ. ಹುಸಿ ಎಂದೇ ಬರೆದೆ ಎಂದ.

"ಇನ್ನು ಫೋನ್ ಮಾಡಾಕೆ ನಂಗೆ ನೆಪ ಇಲ್ಲ," ಎಂದ. "ಅದಕ್ಕೆ ಭಾನುವಾರ ಅವ್ವನ್ನ ಕರ್ಕಂಡು ನಿಮ್ಮನಿಗೇ ಬರಾನ ಅಂತಿದೀನಿ. ಬರಬೌದಾ?"

ಸರ್ವಮಂಗಳಾ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು.

"ಏನೂ ಕೇಳಿಸ್ತಿಲ್ಲಲ್ರೀ," ಎಂದ ಅವನು ಹೆದರಿ.

"ನಂಗೆ ಕೇಳಿಸ್ತೈತೆ. ಗುಡುಗು."

"ಮಿಲ್ಲಿಂದಾ?"

"ಅಲ್ಲ," ಎಂದಳು ಸರ್ವಮಂಗಳಾ, ಎದೆಯ ಮೇಲೆ ಕೈಯಿಟ್ಟುಕೊಂಡು. "ಬರ್ರಿ."