ತಿರುವಿನ ಹಾರ್ನ್

"ಲೇಬಲ್ಲಮ್ಮ ಇದ್ದಾರಾ?"

ಬಾಗಿಲಲ್ಲಿ ಆ ದನಿ ಕೇಳುತ್ತಲೇ ಅವಳ ಕೈ ತಾನಾಗಿ ಹೋಗಿ ಮುಂಗುರುಳು ಸರಿಮಾಡಿತು. ಹೋಗಿದ್ದು ಒಂದು ಕಾಲು ಅಷ್ಟೇ, ಈ ಹುಚ್ಚು ಎಲ್ಲೂ ಹೋಗಿರಲಿಲ್ಲ.

"ಇರದೆ ಎಲ್ಲಿಗೆ ಓಡಿಹೋಗ್ತಾಳೆ?" ಅಮ್ಮ ಬಾಗಿಲಿಗೆ ಅಡ್ಡ ನಿಂತಳು. "ಮಗು ಚಿವುಟಿ ತೊಟ್ಟಿಲು ತೂಗೋಕೆ ಬಂದ್ಯೇನಪ್ಪಾ?"

"ಒಳಗೆ ಬಿಡಮ್ಮ," ಮಂಚದಿಂದಲೇ ಅವಳು ಕೂಗಿದಳು.

ಅಮ್ಮ ಬಿಟ್ಟಳು. ಸಿಟ್ಟನ್ನು ಪಾತ್ರೆಗಳ ಮೇಲೆ ತೀರಿಸಿಕೊಳ್ಳಲು ಅಡುಗೆಮನೆಗೆ ನಡೆದಳು.

ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಲೇಬಲ್ ಅಂಟಿಸುವುದು ಅವಳ ಕೆಲಸವಾಗಿತ್ತು, ಫೋರ್ಕ್‌ಲಿಫ್ಟ್ ಓಡಿಸುವುದು ಅವನದು. ಎತ್ತರದ ರ‍್ಯಾಕುಗಳ ತಿರುವಿನಲ್ಲಿ ಗಾಡಿ ಕಾಣುವುದಿಲ್ಲ. ಹಾರ್ನ್ ಹೊಡೆದೇ ಬರಬೇಕು. ಕೇಳಿದವರು ಹಳದಿ ಗೆರೆಯಾಚೆ ಸರಿಯಬೇಕು. ಬೇರೆಯವರಿಗೆಲ್ಲ ಉದ್ದನೆಯ ಒಂದೇ ಹಾರ್ನ್. ಅವಳಿದ್ದ ಸಾಲಿಗೆ ಮಾತ್ರ ಎರಡು ಪುಟ್ಟ ಹಾರ್ನ್, ಕಿವಿಯಲ್ಲಿ ಏನೋ ಹೇಳಿದ ಹಾಗೆ.

"ಏನ್ ಡ್ರೈವರ್ರೇ, ಎಮ್ಮೆ ಅಡ್ಡ ಬಂತಾ?"

"ಎಮ್ಮೆ ಆಗಿದ್ರೆ ಸರೀತಿತ್ತು. ಇದು ನಗ್ತಾ ನಿಂತಿದೆ."

ಬರಬರುತ್ತ ಅವಳು ಸರಿಯುವುದನ್ನೇ ಬಿಟ್ಟಳು. ಹಾರ್ನ್ ಕೇಳಿದರೆ ತುಟಿಯಂಚಿನಲ್ಲಿ ನಗು ಸಿದ್ಧ ಮಾಡಿಕೊಂಡು ತಿರುಗಿ ನಿಲ್ಲುವಳು. ಅವನು ತುಸು ದೂರದಲ್ಲೇ ಬ್ರೇಕ್ ಒತ್ತಿ, ಕಣ್ಣಿನಿಂದಲೇ ಅವಳನ್ನೊಮ್ಮೆ ಸವರಿ, ಗಾಡಿ ಹಿಂದಕ್ಕೆ ತೆಗೆಯುವನು.

ಆ ದಿನ ನೆಲದ ಮೇಲೆ ಎಣ್ಣೆ ಚೆಲ್ಲಿತ್ತು. ಹಾರ್ನ್ ಬಿಡದೆ ಹೊಡೆದುಕೊಂಡಿತು. ಇವತ್ತು ಸಾಹೇಬರಿಗೆ ಪ್ರೀತಿ ಉಕ್ಕಿ ಬಂದಿದೆ ಎಂದುಕೊಂಡು ಅವಳು ನಗುತ್ತಲೇ ನಿಂತಿದ್ದಳು.

ಈಗ ಅವನು ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತಿದ್ದ. ಕಣ್ಣು ಅವಳ ಮುಖದವರೆಗೆ ಬರಲಿಲ್ಲ. ಮೊಣಕಾಲಿನ ಕೆಳಗೆ ಚಪ್ಪಟೆಯಾಗಿದ್ದ ಹೊದಿಕೆಯಲ್ಲೇ ನೆಟ್ಟಿತ್ತು.

"ಗಾಡಿ ಹತ್ತೋಕೆ ಆಗ್ತಿಲ್ಲ ನಂಗೆ. ಗೇಟಲ್ಲಿ ಕೂರಿಸಿದ್ದಾರೆ," ಎಂದ. ಆಮೇಲೆ, ತಪ್ಪೊಪ್ಪಿಕೊಳ್ಳುವವನ ದನಿಯಲ್ಲಿ, "ಮದುವೆ ಆಗೋಣ."

ಈ ಮಾತಿಗಾಗಿ ಅವಳು ಎಷ್ಟು ಕಾದಿದ್ದಳು!

"ಕಾಲಿದ್ದಿದ್ರೂ ಕೇಳ್ತಿದ್ರಾ?"

"ಆ ವಾರಾನೇ ಕೇಳೋಣ ಅಂತಿದ್ದೆ. ನಿಮ್ಮಾಣೆಗೂ."

"ಈಗ ಕೇಳ್ತಿರೋದು ಪ್ರೀತಿಗಾ, ಪಾಪಕ್ಕಾ?"

ಅವನು ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ಅವಳು ನಂಬಿಬಿಡುತ್ತಿದ್ದಳು.

"ಎರಡೂ ಕಲೆಸಿಹೋಗಿದೆ. ನಿಮ್ಮನ್ನ ನೆನೆಸಿಕೊಂಡ್ರೆ ಮೊದಲು ನಗು ಕಾಣುತ್ತೆ. ನಗು ಕಂಡ ಕೂಡಲೇ ಬ್ರೇಕ್ ಒತ್ತುತ್ತೀನಿ. ಊಟಕ್ಕೆ ಕೂತಲ್ಲಿ, ಮಲಗಿದಲ್ಲಿ... ಹಿಡಿಯೋದೇ ಇಲ್ಲ."

ಹೇಳುವಾಗಲೇ ಅವನ ಬಲಗಾಲು ನೆಲವನ್ನು ಒತ್ತುತ್ತಿತ್ತು. ಅದು ಅವನಿಗೆ ತಿಳಿದಿರಲಿಲ್ಲ.

ಅವಳು ಅವನ ತಲೆ ಸವರಲೆಂದು ಎತ್ತಿದ ಕೈಯನ್ನು ಮಡಿಲಿಗೆ ಇಳಿಸಿಕೊಂಡಳು.

"ನಾನು ನಕ್ಕಾಗಲೆಲ್ಲ ನೀನು ಸಾಯ್ತೀಯ. ನೀನು ಬಂದಾಗಲೆಲ್ಲ ನಂಗೆ ಇಲ್ಲದ ಕಾಲು ನೋಯುತ್ತೆ. ಮೆಟ್ಟಿಲ ಮೇಲೆ ನಿನ್ನ ಸದ್ದಾದ್ರೆ ಸಾಕು, ಬೆರಳುಗಳನ್ನೆಲ್ಲ ಹಿಂಡಿದ ಹಾಗಾಗುತ್ತೆ. ಹಿಂಗಿದ್ರೆ ಒಂದೇ ಸೂರಡಿ ಹೇಗೋ ಬದುಕೋದು?"

ಅವಳು 'ನೀನು' ಅಂದದ್ದು ಇದೇ ಮೊದಲು. ಇಬ್ಬರಿಗೂ ಗೊತ್ತಾಯಿತು.

"ನನ್ನ ಮೇಲೆ ಪ್ರೀತಿ ಇಲ್ವಾ?"

"ಇಷ್ಟು ದಡ್ಡನ ಕೈಗೆ ಗಾಡಿ ಕೊಟ್ಟವರು ಯಾರಪ್ಪಾ!" ಅವಳು ಮುಖ ಆಚೆ ತಿರುಗಿಸಿದಳು. "ಬೆಟ್ಟದಷ್ಟಿದೆ. ಅದಕ್ಕೇ ಹೋಗು ಅಂತಿರೋದು. ಮತ್ತೆ ಬರಬೇಡ."

ಅವನು ಅವಳ ಅಂಗೈಯನ್ನು ತನ್ನ ಕಣ್ಣುಗಳಿಗೆ ಒತ್ತಿಕೊಂಡ. ಒದ್ದೆಯಾದ ಕೈಯನ್ನು ತಾನೇ ಒರೆಸಿ, ಹೊದಿಕೆಯ ಮೇಲಿಟ್ಟು, ಎದ್ದು ಹೋದ.

ಅವನ ಹೆಜ್ಜೆಗಳು ಮೆಟ್ಟಿಲಿಳಿಯುತ್ತ ಹೋದಂತೆ ನೋವೂ ಇಳಿಯತೊಡಗಿತು. ಹಿಮ್ಮಡಿ ಬಿಟ್ಟಿತು, ಹೆಬ್ಬೆರಳು ಬಿಟ್ಟಿತು. ಅವಳು ಹೊದಿಕೆಯ ಖಾಲಿ ಜಾಗವನ್ನು ಎರಡೂ ಕೈಗಳಿಂದ ಅಮುಕಿ ಹಿಡಿದಳು.

"ಹೋದ್ನಾ?" ಅಮ್ಮ ಒಳಗಿನಿಂದ ಕೇಳಿದಳು. "ನೋವು ಕಮ್ಮಿ ಆಯ್ತಾ, ಕಂದಾ?"

"ಕಮ್ಮಿ ಆಗ್ತಿದೆ ಅಮ್ಮಾ," ಎಂದು ಅವಳು ಬಿಕ್ಕಿ ಬಿಕ್ಕಿ ಅತ್ತಳು.