ಹಸಿ ಲಪ್ಪದ ಮೇಲಿನ ಬೆರಳು

ಇದನ್ನು ಕೇಳಿದವರೆಲ್ಲ ಬೀದಿ ಮಕ್ಕಳ ಕೆಲಸ ಎನ್ನುತ್ತಾರೆ. ಎನ್ನಲಿ.

ಭದ್ರಾವತಿ ಹಳೇನಗರದಲ್ಲಿ ನಮ್ಮ ಮನೆಯ ಬೀದಿಬದಿ ಕಿಟಕಿಯನ್ನು ಪ್ರತಿ ವರ್ಷ ದಸರಾ ಹೊತ್ತಿಗೆ ನಾನೇ ರಿಪೇರಿ ಮಾಡುತ್ತಿದ್ದೆ. ಮಳೆಗೆ ಕೊಳೆತ ಮರವನ್ನು ಕೆತ್ತಿ ತೆಗೆದು, ತೇಗದ ತುಂಡು ಕೂರಿಸಿ, ಗಾಜಿನ ಸುತ್ತ ಸೀಮೆಸುಣ್ಣದ ಪುಡಿಗೆ ಅಗಸೆ ಎಣ್ಣೆ ಕಲಸಿದ ಲಪ್ಪ ಮೆತ್ತುತ್ತಿದ್ದೆ. ಅದು ಒಣಗುವ ಮೊದಲೇ ಮಗಳು ಸುನಂದ ಹೊರಗಿನಿಂದ ಬಂದು, ಕೆಳಗಿನ ಗಾಜಿನ ಮೂಲೆಯಲ್ಲಿ ಬೆರಳು ಒತ್ತಿ ಓಡುತ್ತಿದ್ದಳು. ಅವಳಿಗೆ ಎಟುಕುತ್ತಿದ್ದುದು ಅಷ್ಟೇ.

ಐವತ್ತೆಂಟರ ಮಳೆಗಾಲದಲ್ಲಿ ಜ್ವರ ಬಂದು ಹೋಗಿಬಿಟ್ಟಳು. ಆಮೇಲೆ ಕಿಟಕಿ ಮುಟ್ಟಲು ಮನಸ್ಸೇ ಬರಲಿಲ್ಲ. ಮೂರನೆಯ ವರ್ಷ ಗಾಜು ಅಲುಗಾಡತೊಡಗಿದಾಗ ವಿಧಿಯಿಲ್ಲದೆ ಲಪ್ಪ ಮೆತ್ತಿದೆ. ಊಟ ಮುಗಿಸಿ ಬಂದು ನೋಡಿದರೆ ಬೆರಳಿನ ಗುರುತು ಇತ್ತು. ಕೆಳಗಿನ ಗಾಜಿನ ಲಪ್ಪದಲ್ಲಲ್ಲ, ಮೇಲಿನ ಗಾಜಿನದರಲ್ಲಿ. ಮಟಮಟ ಮಧ್ಯಾಹ್ನದ ಬಿಸಿಲಿನಲ್ಲೂ ಆ ಗುಳಿ ಮಾತ್ರ ತಣ್ಣಗಿತ್ತು.

ಒರೆಸಲು ಹೋದಾಗ ಹೆಂಡತಿ ಜಲಜಮ್ಮ ನನ್ನ ಕೈ ಹಿಡಿದಳು.

"ಬೇಡ ಕಣ್ರೀ, ಅಳಿಸಬೇಡಿ. ಎತ್ತರ ಆಗಿದಾಳೆ, ನೋಡಿ. ಲಂಗ ಗಿಡ್ಡ ಆಗಿರುತ್ತೆ."

ಬೆಳೆಯುವ ಹುಡುಗಿ, ಬಿಚ್ಚಿದರೆ ಉದ್ದವಾಗಲಿ ಎಂದು ಸುನಂದಳ ಲಂಗಕ್ಕೆ ಜಲಜಮ್ಮನೇ ಎರಡು ಮಡಿಕೆ ಹಿಡಿದು ಹೊಲಿದಿದ್ದಳು. ಸುನಂದ ಹೋದ ದಿನವೇ ಅದನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದಳು. ಈಗ ಹೊರತೆಗೆದು, ಮಡಿಕೆ ಬಿಚ್ಚಲು ಸೂಜಿ ಹಿಡಿದು ಕೂತಳು. ಎಷ್ಟು ಹೊತ್ತಾದರೂ ಅವಳ ಕೈ ಆಡಲಿಲ್ಲ. ಹತ್ತಿರ ಹೋಗಿ ನೋಡಿದೆ.

ಲಂಗದಿಂದ ಅಗಸೆ ಎಣ್ಣೆಯ ವಾಸನೆ ಬರುತ್ತಿತ್ತು. ಅವಳ ಸೂಜಿ ತಾಗುವ ಮೊದಲೇ ಒಂದು ಮಡಿಕೆಯನ್ನು ಬಿಚ್ಚಿಯಾಗಿತ್ತು.