ಕಪ್ಪು ಕಾಯಿಯವರ ಆಯ್ಕೆ

"ಈ ಗಡಿಯಾರ ಎಷ್ಟಕ್ಕೆ ಕೊಡ್ತೀರಾ?"

ಸಭಾಂಗಣದ ಬಾಗಿಲ ಪಕ್ಕದ ಮೇಜಿನ ಮೇಲೆ ಹಸಿರು ಚೆಸ್ ಹಾಸು, ಮರದ ಕಾಯಿಗಳು, ಎರಡು ಗಡಿಯಾರ, ಒಂದಷ್ಟು ಬ್ಯಾಟರಿ, ರಬ್ಬರ್ ಬ್ಯಾಂಡ್ ಹಾಕಿದ ಪೆನ್ನುಗಳ ಕಟ್ಟು. ಅವನ್ನೆಲ್ಲ ಹರಡಿಕೊಂಡು ಕುಳಿತಿದ್ದವನು ತಲೆಯೆತ್ತಿದ. ಎದುರಿಗೆ ನಿಂತವಳು ಆಗಲೇ ಗಡಿಯಾರವನ್ನು ಕೈಗೆತ್ತಿಕೊಂಡು, ಗುಂಡಿ ಒತ್ತಿ, ಕಿವಿಯ ಹತ್ತಿರ ಹಿಡಿದಿದ್ದಳು.

"ಅದು ಮಾರಾಟಕ್ಕಿಲ್ಲ ಮೇಡಂ."

"ಅಂದ್ರೆ ರೇಟು ಜಾಸ್ತಿ ಹೇಳ್ತೀರಾ ಅಂತ ಅರ್ಥ. ಸರಿ, ಕಾಯಿನೂ ಸೇರಿಸಿ ಹೇಳಿ."

"ಸೇರಿಸ್ತಾ ಹೋದ್ರೆ ನನ್ನನ್ನೂ ಸೇರಿಸಿ ಕೊಡಬೇಕಾಗುತ್ತೆ. ಇದೆಲ್ಲ ನನ್ನ ಸಾಮಾನು. ನಾನೂ ಆಡೋಕೆ ಬಂದಿರೋದು."

ಬೇರೆ ಯಾರಾದರೂ ಆಗಿದ್ದರೆ ನಾಚಿ ನೀರಾಗುತ್ತಿದ್ದರು. ಅವಳು ಗಡಿಯಾರವನ್ನು ಮೇಜಿನ ಮೇಲಿಟ್ಟು ಅವನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಸ್ಕ್ರೂಡ್ರೈವರ್, ನಗಲೋ ಬೇಡವೋ ಎಂದು ಅರ್ಧದಲ್ಲೇ ನಿಂತ ನಗು. ಹಲ್ಲುಗಳು ಚೆನ್ನಾಗಿದ್ದವು. ಅದು ಅವಳ ಕಣ್ಣಿಗೆ ಮೊದಲು ಬೀಳುವ ಸಂಗತಿ. ಅವಳು ಹಲ್ಲಿನ ಡಾಕ್ಟರು.

"ಹಾಗಿದ್ರೆ ಬಾಡಿಗೆಗಾದ್ರೂ ಕೊಡಿ," ಎಂದಳು. "ನಾನು ತಂದಿರೋದು ಪೆನ್ನು ಮಾತ್ರ."

ಮನೆಯಲ್ಲಿ ಅಣ್ಣನ ಜೊತೆ, ಆಮೇಲೆ ಕ್ಲಬ್ಬಿನಲ್ಲಿ ಆಡಿ ಎಲ್ಲರನ್ನೂ ಸೋಲಿಸಿದವಳು ಅವಳು. ಹೊರಗಿನ ಪಂದ್ಯಾವಳಿಗೆ ಬಂದದ್ದು ಇದೇ ಮೊದಲು. ಇಲ್ಲಿ ಸಂಘದವರು ಕೊಡುವುದು ಮೇಜು, ಕುರ್ಚಿ ಅಷ್ಟೇ. ಹಾಸು, ಕಾಯಿ, ಗಡಿಯಾರ ಆಟಗಾರರೇ ತರಬೇಕು ಎಂಬುದು ಅವಳಿಗೆ ಗೊತ್ತಿರಲಿಲ್ಲ. ಇಬ್ಬರೂ ತಂದಿದ್ದರೆ ಯಾರದನ್ನು ಮೇಜಿನ ಮೇಲಿಡಬೇಕು ಎಂದು ಹೇಳುವ ಹಕ್ಕು ಕಪ್ಪು ಕಾಯಿಯವರದು. ಬಿಳಿಯವರು ಮೊದಲು ನಡೆಸುತ್ತಾರಲ್ಲ, ಅದಕ್ಕೆ ಕಪ್ಪಿಗೆ ಇಷ್ಟಾದರೂ ಇರಲಿ ಎಂದು.

ಇದನ್ನೆಲ್ಲ ಅವನೇ ಹೇಳಿದ. ಹೇಳುತ್ತಲೇ ಬ್ಯಾಗಿನಿಂದ ಇನ್ನೊಂದು ಸೆಟ್ ತೆಗೆದು ಅವಳ ಕೈಗಿಟ್ಟ.

"ಎರಡೆರಡು ಯಾಕೆ ಹೊತ್ತು ತರ್ತೀರಾ?"

"ನಾನು ಲಿಫ್ಟ್ ರಿಪೇರಿ ಇಂಜಿನಿಯರ್. ನಡುವೆ ಸಿಕ್ಕಿಹಾಕ್ಕೊಂಡವರನ್ನ ನೋಡಿ ನೋಡಿ, ಎಲ್ಲದಕ್ಕೂ ಒಂದು ಸ್ಪೇರ್ ಇಟ್ಕೊಳ್ಳೋದು ಅಭ್ಯಾಸ ಆಗಿಹೋಗಿದೆ."

ಆ ದಿನ ಅವಳು ಅವನ ಕಾಯಿಗಳಲ್ಲಿ ಆಡಿ ಅವನಿಗಿಂತ ಮೇಲಿನ ಸ್ಥಾನ ಪಡೆದಳು. ಸಂಜೆ ಸೆಟ್ ಹಿಂತಿರುಗಿಸುವಾಗ ಅವಳಿಗೆ ಅದನ್ನು ಕೊಡಲು ಮನಸ್ಸೇ ಬರಲಿಲ್ಲ. ಕಾಯಿಗಳ ಮೇಲಿನ ಆಸೆಯೋ, ಮಾತು ಮುಗಿದುಹೋಗುತ್ತದೆಂಬ ಬೇಸರವೋ ಎಂದು ತನ್ನನ್ನೇ ಕೇಳಿಕೊಂಡಳು. ಉತ್ತರಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ನನಗೂ ಒಂದು ಸೆಟ್ ಬೇಕು," ಎಂದಳು. "ಭಾನುವಾರ ಬಿಡುವಿದ್ಯಾ? ಅಂಗಡಿ ತೋರಿಸಿ."

*

ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ ಆಟದ ಸಾಮಾನಿನ ಅಂಗಡಿ. ಒಬ್ಬರು ಬಂದರೆ ಇನ್ನೊಬ್ಬರು ಗೋಡೆಗೆ ಒತ್ತಿ ನಿಲ್ಲಬೇಕು, ಅಷ್ಟು ಇಕ್ಕಟ್ಟು. ಆ ಇಕ್ಕಟ್ಟಿನ ಬಗ್ಗೆ ಅವಳಿಗೆ ಯಾವ ದೂರೂ ಇರಲಿಲ್ಲ.

ಅವಳ ಕೈ ನೇರವಾಗಿ ಹೋದದ್ದು ಕನ್ನಡಿಯಂತೆ ಹೊಳೆಯುವ ಕೆಂಪು ಮರದ ಸೆಟ್ಟಿಗೆ. ಕುದುರೆಯ ಕೇಸರದ ಒಂದೊಂದು ಎಳೆಯನ್ನೂ ಕೆತ್ತಿದ್ದರು. ಅವನು ಆ ಕುದುರೆಯನ್ನು ಅದರ ಬೋರ್ಡಿನ ಮೇಲಿಟ್ಟು, ಟ್ಯೂಬ್‌ಲೈಟಿನ ಕೆಳಗೆ ಎಳೆದ. ಬೋರ್ಡಿನ ತುಂಬ ಬೆಳಕಿನ ಬರೆ.

"ಚೆನ್ನಾಗೇನೋ ಇದೆ. ಆದ್ರೆ ಇದನ್ನ ಗಂಟೆಗಟ್ಟಲೆ ನೋಡ್ತಾ ಕೂತ್ರೆ ಕಣ್ಣು ನೋಯುತ್ತೆ."

"ಚೆನ್ನಾಗಿರೋದನ್ನ ಗಂಟೆಗಟ್ಟಲೆ ನೋಡಿದ್ರೆ ನಿಮ್ಮ ಕಣ್ಣು ನೋಯುತ್ತಾ?"

ಅವಳು ಅವನನ್ನೇ ನೋಡುತ್ತ ಕೇಳಿದಳು. ಅವನು ಸಾಲಾಗಿಯೇ ನಿಂತಿದ್ದ ಪದಾತಿಗಳನ್ನು ಮತ್ತೊಮ್ಮೆ ಸಾಲಾಗಿ ನಿಲ್ಲಿಸಿದ. ಕಿವಿಯ ತುದಿ ಕೆಂಪಗಾಗಿತ್ತು.

"ಬೋರ್ಡಿನ ವಿಷಯ ಹೇಳಿದೆ ನಾನು."

"ನಾನೂ ಅದನ್ನೇ ಕೇಳಿದ್ದು."

ಆಮೇಲೆ ಇಬ್ಬರೂ ಗಂಭೀರವಾಗಿ ಕೆಲಸಕ್ಕಿಳಿದರು. ಬೋರ್ಡಿನ ಮನೆಗಳು ಅಗಲವಾಗಿರಬೇಕು, ಕಾಯಿಗಳು ಒಂದಕ್ಕೊಂದು ಮೊಣಕೈ ತಗುಲಿಸಿಕೊಂಡು ನಿಲ್ಲಬಾರದು ಎಂದು ಅವನು. ಕುದುರೆಯ ಕುತ್ತಿಗೆ ಬೆರಳಿಗೆ ಸರಿಯಾಗಿ ಸಿಗಬೇಕು ಎಂದು ಅವಳು. ಹಲ್ಲು ಕೀಳುವ ಇಕ್ಕಳ ಆರಿಸುವವಳಂತೆ ಕಣ್ಣುಮುಚ್ಚಿ ಒಂದೊಂದನ್ನೇ ಹಿಡಿದು ತೂಗಿದಳು. ಮರದ್ದೇ ತಗೊಳ್ಳಿ ಎಂದು ಅವನು ಹಟ ಹಿಡಿದ. "ಬ್ಯಾಗ್ ಹೊರೋಳು ನಾನು" ಎಂದು ಅವಳು, ತಳದಲ್ಲಿ ಭಾರ ತುಂಬಿದ, ಹೊಳಪಿಲ್ಲದ ಪ್ಲಾಸ್ಟಿಕ್ ಕಾಯಿಗಳನ್ನೇ ತೆಗೆದುಕೊಂಡಳು. ಸುತ್ತಿಡುವ ಹಾಸು, ದೊಡ್ಡ ಅಂಕಿಗಳ ಗಡಿಯಾರ. ಕಾಯಿ ತುಂಬಿಡಲು ಎಲ್ಲರೂ ಕಪ್ಪು ಚೀಲ ಕೊಳ್ಳುತ್ತಾರೆ ಎಂದು ಅಂಗಡಿಯಾತ ಹೇಳಿದ ಮೇಲೆ ಕೆಂಪು ಚೀಲವನ್ನೇ ಆರಿಸಿದಳು.

"ದೂರದಿಂದಲೇ ಕಾಣುತ್ತೆ," ಎಂದ ಅವನು.

"ಕಾಣಲಿ ಅಂತಲೇ."

ಆಮೇಲಿನ ತಿಂಗಳುಗಳಲ್ಲಿ ರಜೆ ಬಂದರೆ ಇಬ್ಬರಿಗೂ ಪಂದ್ಯ. ಒಂದೇ ಬಸ್ಸು, ಒಂದೇ ಸೀಟು, ನಡುವೆ ಎರಡು ಬ್ಯಾಗುಗಳ ಗೋಡೆ. ಅವಳಿದ್ದದ್ದು ಅಣ್ಣ ಅತ್ತಿಗೆಯ ಜೊತೆ, ಹಳೇ ಕಟ್ಟಡದ ಮೂರನೇ ಮಹಡಿಯಲ್ಲಿ. ಬೆಳಿಗ್ಗೆ ಅತ್ತಿಗೆ ಕಿಟಕಿಯಿಂದ ಬಗ್ಗಿ ನೋಡಿ ಕೂಗುತ್ತಿದ್ದಳು: "ನಿನ್ನ ಲಿಫ್ಟ್‌ನವರು ಬಂದು ಕೆಳಗೇ ನಿಂತಿದ್ದಾರೆ ಕಣೇ. ಮೆಟ್ಟಿಲು ಹತ್ತೋದು ಅವರ ಕೆಲಸಕ್ಕೆ ಅವಮಾನವೋ ಏನೋ!"

"ಅತ್ತಿಗೇ, ಮೆಲ್ಲಗೆ!"

"ಅವರಿಗೆ ಕೇಳಲಿ ಅಂತಲೇ ಜೋರಾಗಿ ಹೇಳಿದ್ದು. ಎಷ್ಟು ದಿನ ಅಂತ ಬ್ಯಾಗ್ ನೋಡ್ಕೊಂಡು ನಿಂತಿರ್ತಾರೆ?"

ಎಷ್ಟು ದಿನವಾದರೂ ನಿಲ್ಲುವ ಮನುಷ್ಯ ಅವನು. ಅದು ಅವಳಿಗೆ ಅರ್ಥವಾಗಿತ್ತು. ಬಾಯಿಬಿಟ್ಟು ಹೇಳುವುದಕ್ಕೆ ಮೊದಲು ಎಲ್ಲ ತಂತಿಗಳನ್ನೂ ಪರೀಕ್ಷಿಸಿ ನೋಡುವ ಜಾತಿ. ತಾನೇ ಹೇಳಿಬಿಡಲೇ ಎಂದು ಬಸ್ಸಿನಲ್ಲಿ ಎಷ್ಟೋ ಸಲ ಅನ್ನಿಸಿತ್ತು. ಧೈರ್ಯಕ್ಕೇನೂ ಕೊರತೆಯಿರಲಿಲ್ಲ. ಆದರೆ ಒಂದು ವಿಷಯ ಅವಳಿಗೆ ಇನ್ನೂ ಗೊತ್ತಾಗಬೇಕಿತ್ತು. ಅವಳನ್ನು ಮೆಚ್ಚಿದವರು ಹಿಂದೆಯೂ ಇದ್ದರು. ಮೆಚ್ಚಿದ ಕೂಡಲೇ ಅವಳೆದುರು ಮೆದುವಾಗಿ, ಅವಳು ಹೇಳಿದ್ದಕ್ಕೆಲ್ಲ ಹೂಂಗುಟ್ಟಿ, ಕೊನೆಗೆ ಅವಳ ಬಿರುಸೇ ಅವರಿಗೆ ಭಾರವಾಗಿ ದೂರ ಸರಿದಿದ್ದರು. ಇವನೂ ಹಾಗೇನಾ?

*

ಅದು ಗೊತ್ತಾಗುವ ದಿನ ಊರಿನಲ್ಲೇ ನಡೆದ ಆಯ್ಕೆ ಪಂದ್ಯಾವಳಿಯಲ್ಲಿ ಬಂತು. ಬೇರೆ ಊರಿನ ದೊಡ್ಡ ಪಂದ್ಯಾವಳಿಗೆ ತಂಡ ಕಳಿಸಬೇಕಿತ್ತು, ಒಂದೇ ಜಾಗ ಉಳಿದಿತ್ತು. ಕೊನೆಯ ಸುತ್ತಿನಲ್ಲಿ ಅವಳಿಗೂ ಅವನಿಗೂ ಜೋಡಿ ಬಿತ್ತು. ಅವನು ಗೆದ್ದರೆ ಜಾಗ ಅವನದು. ಡ್ರಾ ಆದರೂ ಸಾಕು, ಅದು ಅವಳದು.

ಸಭಾಂಗಣದ ತುಂಬ ಪಿಸುಮಾತು. "ಬಿಟ್ಟುಕೊಡ್ತಾನೆ ಬಿಡ್ರೀ," ಎಂದು ಹಿಂದಿನ ಮೇಜಿನವರು ಅಂದದ್ದು ಅವಳ ಕಿವಿಗೇ ಬಿತ್ತು. ಮೈಯೆಲ್ಲ ಉರಿಯಿತು.

ಅವಳಿಗೆ ಬಿಳಿ, ಅವನಿಗೆ ಕಪ್ಪು. ತೀರ್ಪುಗಾರರು ಬಂದು, "ಯಾವ ಸೆಟ್ ಇಡೋಣ ಸಾರ್? ನಿಮ್ಮದೇ ತಾನೆ?" ಎಂದು ಕೇಳಿದರು.

ಅವನು ತನ್ನ ಮರದ ಕಾಯಿಗಳ ಪೆಟ್ಟಿಗೆಯನ್ನು ಕುರ್ಚಿಯ ಕೆಳಗೆ ಸರಿಸಿದ. "ಅವರ ಕೆಂಪು ಚೀಲದ್ದು."

ತೀರ್ಪುಗಾರರು ಹುಬ್ಬೇರಿಸಿ ಮುಂದಕ್ಕೆ ಹೋದರು. ಅವಳು ಹಾಸು ಬಿಡಿಸುತ್ತ ಮುಂದಕ್ಕೆ ಬಗ್ಗಿದಳು.

"ಇದೇನು, ಸೌಜನ್ಯನಾ?"

"ಅಲ್ಲ. ಇಷ್ಟು ದಿನ ಪಂದ್ಯಗಳ ಬಿಡುವಲ್ಲಿ ನಿಮ್ಮ ಜೊತೆ ಇವುಗಳಲ್ಲೇ ಅಭ್ಯಾಸ ಮಾಡಿದ್ದು. ನನ್ನ ಕೈಗೂ ಇವೇ ಹತ್ತಿರ."

"ಸೌಜನ್ಯ ಇಲ್ಲಿಗೇ ಮುಗೀಬೇಕು. ಆಟದಲ್ಲಿ ಒಂದು ಪದಾತಿ ಬಿಟ್ಟುಕೊಟ್ರೂ ಮತ್ತೆ ನಿಮ್ಮ ಮುಖ ನೋಡಲ್ಲ."

ಅವನು ಕಪ್ಪು ರಾಜನನ್ನು ಅದರ ಮನೆಯ ನಡುವಿಗೆ ಸರಿಸಿ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಈ ಸಲ ಕಿವಿ ಕೆಂಪಾಗಲಿಲ್ಲ. "ಗಡಿಯಾರ ಒತ್ತಲಾ?"

ಆಟ ಶುರುವಾಯಿತು. ಅವಳು ಎಂದಿನಂತೆ ನುಗ್ಗಿದಳು. ಅವನು ಎಂದಿನಂತೆ ಬಾಗಿಲುಗಳನ್ನು ಒಂದೊಂದಾಗಿ ಮುಚ್ಚುತ್ತ ಹೋದ. ನಡುವೆ ಒಂದು ಹಂತದಲ್ಲಿ ಅವನು ತುಂಬ ಹೊತ್ತು ಸುಮ್ಮನೆ ಕುಳಿತ. ಅವಳ ಕಡೆ ನೋಡಿದ್ದು ಅವಳಿಗೆ ತಲೆಯೆತ್ತದೆಯೂ ತಿಳಿಯಿತು. ಮನಸ್ಸಿನಲ್ಲೇ ಅಂದುಕೊಂಡಳು: ಡ್ರಾ ಕೇಳಬೇಡ, ದಯವಿಟ್ಟು ಕೇಳಬೇಡ.

ಕೇಳಲಿಲ್ಲ. ಆನೆಯನ್ನು ಅವಳ ರಾಜನ ಎದುರಿನ ಸಾಲಿಗೆ ತಂದ.

ಅವಳು ಅವಸರದಲ್ಲಿ ಕುದುರೆ ನಡೆಸಿದಳು. ನಡೆಸಿದ ಮರುಗಳಿಗೆಯೇ ತಪ್ಪು ಕಂಡಿತು. ಅವನಿಗೂ ಕಂಡಿತು. ಅವನು ಹಿಂಜರಿಯಲಿಲ್ಲ. ಸ್ವಲ್ಪ ಹೊತ್ತಿಗೆ ಅವಳು ಸೋಲೊಪ್ಪಿ ಗಡಿಯಾರ ನಿಲ್ಲಿಸಿ, ಕೈ ಚಾಚಿ, "ಚೆನ್ನಾಗಿ ಆಡಿದ್ರಿ" ಎಂದು ಹೇಳಿ, ಫಲಿತಾಂಶದ ಹಾಳೆಗೆ ಸಹಿ ಹಾಕಿ ಹೊರಗೆ ನಡೆದಳು.

*

ಸಭಾಂಗಣದ ಹಿಂದಿನ ಮೆಟ್ಟಿಲ ಮೇಲೆ ಇಳಿಬಿಸಿಲು ಬಿದ್ದಿತ್ತು. ಅವಳು ಕುಳಿತಿದ್ದಲ್ಲಿಗೆ ಅವನು ಅವಳ ಬ್ಯಾಗ್ ಹಿಡಿದು ಬಂದ. ಒಂದು ಮೆಟ್ಟಿಲು ಕೆಳಗೆ ನಿಂತ.

"ಕೋಪನಾ?"

"ಹೂಂ. ನನ್ನ ಮೇಲೆ. ಆ ಕುದುರೆ ನಡೆ ನೋಡಿದ್ರೆ ನಮ್ಮ ಅಣ್ಣನೂ ನಗ್ತಾನೆ."

"ನನ್ನ ಮೇಲೆ?"

"ನಡುವೆ ಅಷ್ಟು ಹೊತ್ತು ಏನು ಯೋಚನೆ ಮಾಡ್ತಿದ್ರಿ? ಅದನ್ನ ಹೇಳಿ ಮೊದಲು."

ಅವನು ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡ. "ಡ್ರಾ ಕೇಳಿಬಿಡೋಣ ಅನ್ನಿಸ್ತು. ಸುಳ್ಳು ಹೇಳಲ್ಲ. ಆಮೇಲೆ ನಿಮ್ಮನ್ನ ನೋಡಿದೆ. ಹಲ್ಲು ಕಚ್ಚಿ ಬೋರ್ಡನ್ನೇ ನುಂಗೋ ಹಾಗೆ ಕೂತಿದ್ರಿ. ಇವರ ಹತ್ರ ಒಂದ್ಸಲ ಹಾಗೆ ಮಾಡಿದ್ರೆ ಜೀವಮಾನ ಪೂರ್ತಿ ಸುಳ್ಳು ಹೇಳ್ತಾ ಇರಬೇಕಾಗುತ್ತೆ ಅನ್ನಿಸ್ತು."

"ಜೀವಮಾನ ಪೂರ್ತಿ?"

ಅವನು ತಡವರಿಸಿದ. "ಅದು... ಬಾಯಿ ತಪ್ಪಿ ಬಂತು."

"ಬಾಯಿ ತಪ್ಪಿ ಬರೋದೇ ನಿಜ. ಇಡೀ ದಿನ ಬಾಯಿಗಳನ್ನೇ ನೋಡೋಳು ನಾನು."

ಅವಳಿಗೆ ಸೋತ ನೋವು ಇನ್ನೂ ಎದೆಯಲ್ಲಿತ್ತು. ಅದರ ಪಕ್ಕದಲ್ಲೇ, ಅದಕ್ಕಿಂತ ದೊಡ್ಡದಾಗಿ, ಒಂದು ನಿರಾಳ ಬಂದು ಕೂತಿತ್ತು. ತನ್ನೆದುರು ಮೆದುವಾಗದೆ ಪೂರ್ತಿ ಬಲ ಹಾಕಿ ಆಡಿದ ಮನುಷ್ಯ ಈತ. ಅವಳು ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಅವನು ಕುಳಿತ. ಮೊದಲ ಸಲ ನಡುವೆ ಬ್ಯಾಗಿರಲಿಲ್ಲ.

"ಆ ಊರಿಗೆ ನಾನೂ ಬರ್ತೀನಿ," ಎಂದಳು. "ಯಾರು ಬೇಕಾದ್ರೂ ಸೇರಬಹುದಾದ ಪಂದ್ಯ ಒಂದಿದೆ ಅಲ್ಲಿ. ಅದನ್ನ ಗೆದ್ದು ಬರ್ತೀನಿ."

"ಗೆಲ್ತೀರಾ, ಅದರಲ್ಲೇನು. ಹಾಗಾದ್ರೆ ಎರಡು ಸೆಟ್ ಪ್ಯಾಕ್ ಮಾಡಬೇಕು."

"ಯಾಕೆ? ತಂಡದವರಿಗೆ ಅಲ್ಲಿನವರೇ ಕೊಡ್ತಾರಂತೆ. ನನ್ನದೊಂದು ಸಾಕು. ಗಡಿಯಾರ ನಿಮ್ಮದು ತರೋಣ, ನಂದು ಕೀಚ್ ಅನ್ನುತ್ತೆ. ಬ್ಯಾಗ್ ಒಂದೇ ಸಾಕು."

"ನನ್ನ ಮರದ ಕಾಯಿ?"

"ಅವು ಮನೇಲಿರಲಿ. ಸಂಜೆ ನಾವಿಬ್ಬರೇ ಆಡೋಕೆ."

"ಯಾರ ಮನೇಲಿ?"

ಕೇಳಿದ ಮೇಲೆ ಅವನಿಗೇ ತನ್ನ ಪ್ರಶ್ನೆ ಅರ್ಥವಾಯಿತು. ಅವಳು ಅವನನ್ನೇ ನೋಡುತ್ತ ಕುಳಿತಳು.

"ನಿಮ್ಮಣ್ಣನ ಹತ್ರ ಮಾತಾಡ್ಬೇಕಲ್ವಾ ಮೊದಲು?"

"ಅತ್ತಿಗೆ ಆಗಲೇ ಮಾತಾಡಿದ್ದಾಳೆ. ನಾನು ಒಪ್ಪಿದ್ದೀನಿ ಅಂತ."

"ನಾನಿನ್ನೂ ಕೇಳೇ ಇಲ್ವಲ್ಲ!"

"ಅದಕ್ಕೇ ಕಾಯ್ತಾ ಕೂತಿದ್ದೀನಿ."

ಅವನು ನಕ್ಕ. ಈ ಸಲ ನಗು ಅರ್ಧಕ್ಕೆ ನಿಲ್ಲಲಿಲ್ಲ. ಆಮೇಲೆ ನಗು ಇಳಿದು, ಮುಖ ಗಂಭೀರವಾಗಿ, ಇಷ್ಟು ತಿಂಗಳ ಬಹುವಚನವನ್ನು ಬದಿಗಿಟ್ಟು, ಮೆಲ್ಲಗೆ ಕೇಳಿದ:

"ನನ್ನ ಮದುವೆ ಆಗ್ತೀಯಾ?"

ಆ ಏಕವಚನ ಅವಳ ಕಿವಿಯಿಂದ ಇಳಿದು ಎಲ್ಲೆಲ್ಲೋ ಹರಿದಾಡಿತು.

"ಆಗ್ತೀನಿ ಕಣೋ," ಎಂದಳು. "ಏಳು, ಇನ್ನೂ ಬೆಳಕಿದೆ. ಬಾಡಿಗೆ ಮನೆ ಬೋರ್ಡುಗಳನ್ನ ನೋಡ್ಕೊಂಡು ನಡ್ಕೊಂಡೇ ಹೋಗೋಣ."